ವಸಂತಿ ಟೀಚರ ಮನೆಯ ದಾರಿ

ಉಪ್ಪಿನಂಗಡಿಯಿಂದ ಕಡಬಕ್ಕೆ ಹೋಗುವಾಗ ಆಲಂಕಾರು ಹತ್ತಿರವಾಗುತ್ತಿದ್ದಂತೆ ನಾನು ಕಾರಿನ ಗಾಜು ಏರಿಸಿಬಿಡುತ್ತೇನೆ. ಕಳೆದ ವಾರ ಮರೆತೆ. ರಬ್ಬರ್ ಶೀಟುಗಳನ್ನು ಹೊಗೆಗೆ ಹಾಕಿದ ವಾಸನೆ ಒಳಗೆ ನುಗ್ಗಿತು. ಅದನ್ನು ಗೊತ್ತಿಲ್ಲದವರಿಗೆ ವಿವರಿಸುವುದು ಕಷ್ಟ. ಒಡೆದ ಹಾಲು, ಹಸಿ ಸೌದೆಯ ಹೊಗೆ, ಎಲ್ಲೋ ಇಲಿ ಸತ್ತ ನಾತ, ಮೂರೂ ಸೇರಿದ ಹಾಗೆ. ಆ ಊರಿನವರ ಮೂಗಿಗೆ ಅದು ಬರುವುದೇ ಇಲ್ಲ. ಒಂದು ಕಾಲದಲ್ಲಿ ನನ್ನ ಮೂಗಿಗೂ ಬರುತ್ತಿರಲಿಲ್ಲ. ವಾರಕ್ಕೆ ಮೂರು ನಾಲ್ಕು ಸಲ ಅದೇ ವಾಸನೆಯ ಮನೆಯಂಗಳದಲ್ಲಿ ಚಪ್ಪಲಿ ಕಳಚಿ ಒಳಗೆ ಹೋಗುತ್ತಿದ್ದೆ. ಈಗ ತಡೆಯಲಾಗಲಿಲ್ಲ. ಗಾಡಿ ಬದಿಗೆ ಹಾಕಿ ಸ್ವಲ್ಪ ಹೊತ್ತು ಹಾಗೆಯೇ ಕೂತೆ.

ನಾನು ಕಡಬಕ್ಕೆ ಬಂದದ್ದು ಒಂದು ದೀಪಾವಳಿ ಕಳೆದ ಮೇಲೆ. ಅದಕ್ಕೆ ಮೊದಲು ಮಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಐಸಿಯು ಮುಖ್ಯಸ್ಥೆಯಾಗಿದ್ದೆ. ಉಸಿರಾಟ ಸೋತವರ ಗಂಟಲಿಗೆ ಕೊಳವೆ ಇಳಿಸಿ ಮೆಷಿನ್ನಿಗೆ ಜೋಡಿಸುವುದು, ಅವರನ್ನು ದಿನದಿಂದ ದಿನಕ್ಕೆ ದಡಕ್ಕೆ ಎಳೆಯುವುದು ನನ್ನ ಕೆಲಸ. ಅದರಲ್ಲಿ ಹೆಸರು ಮಾಡಿದ್ದೆ. ಕಷ್ಟದ ಕೇಸು ಬಂದರೆ ಬೇರೆ ಆಸ್ಪತ್ರೆಯವರೂ ಫೋನು ಮಾಡಿ ಕೇಳುತ್ತಿದ್ದರು. ಆ ಕೆಲಸ ನನಗೆ ತುಂಬಾ ಇಷ್ಟವಾಗಿತ್ತು. ಮನೆಗೆ ಬಂದರೂ ಕಿವಿಯಲ್ಲಿ ಮಾನಿಟರಿನ ಸದ್ದು ಇರುತ್ತಿತ್ತು, ಅದು ಇದ್ದರೇ ನಿದ್ದೆ ಬರುತ್ತಿತ್ತು.

ನನ್ನ ಗಂಡ ಪ್ರಕಾಶ್ ಸುಳ್ಯದವರು, ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುತ್ತಿದ್ದರು. ಮಕ್ಕಳಿರಲಿಲ್ಲ ನಮಗೆ. ಮನೆಯಲ್ಲಿ ಮಾತೆಲ್ಲ ಅವರದ್ದೇ. ಸಂಪಾಜೆ ಘಾಟಿಯಲ್ಲಿ ಬಸ್ಸು ಕೆಟ್ಟು ನಿಂತ ಒಂದು ಕತೆಯನ್ನೇ ಹತ್ತು ಬಗೆಯಲ್ಲಿ ಹೇಳುವ ಮನುಷ್ಯ. ಒಂದು ಆಗಸ್ಟಿನಲ್ಲಿ ಅವರಿಗೆ ಜ್ವರ ಬಂತು. ಎರಡು ಮೂರು ದಿನಗಳಲ್ಲಿ ಶ್ವಾಸಕೋಶಕ್ಕೆ ಇಳಿಯಿತು. ನಮ್ಮದೇ ಐಸಿಯುಗೆ ತಂದೆವು. ಕೊಳವೆ ಹಾಕಿದ್ದು ನನ್ನ ಜೊತೆಯ ಡಾಕ್ಟರು, ನಾನು ಪಕ್ಕದಲ್ಲಿ ನಿಂತಿದ್ದೆ. ಕೊಳವೆ ಇದ್ದವರಿಗೆ ಮಾತಾಡಲಿಕ್ಕಾಗುವುದಿಲ್ಲ. ಎಚ್ಚರ ತಪ್ಪಿಸುವ ಔಷಧಿಯೂ ಕೊಡುತ್ತೇವೆ. ಅಷ್ಟು ದಿನವೂ ನಾನು ಅವರ ಹಾಸಿಗೆಯ ಬಳಿಯೇ ಇದ್ದೆ, ಕಣ್ಣು ಮಾತ್ರ ಮಾನಿಟರಿನ ಮೇಲಿತ್ತು. ಮಾಡಬೇಕಾದ್ದನ್ನೆಲ್ಲ ಮಾಡಿದೆವು. ಯಾರದ್ದೂ ತಪ್ಪಿರಲಿಲ್ಲ. ಒಂದು ಬೆಳಿಗ್ಗೆ ಅವರು ಹೋದರು. ಇಪ್ಪತ್ತೆರಡು ವರ್ಷ ಬಾಯಿ ಮುಚ್ಚದೆ ಮಾತಾಡಿದ ಮನುಷ್ಯ ಒಂದು ಮಾತೂ ಆಡದೆ ಹೋದರು.

ತಿಂಗಳು ಕಳೆದು ಕೆಲಸಕ್ಕೆ ಹೋದೆ. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಒಂದು ದಿನ ಒಬ್ಬ ರೋಗಿಯ ಮುಂದೆ ನಿಂತಾಗ ಮಾನಿಟರಿನ ಅಂಕೆಗಳು ನನಗೆ ಓದಲು ಬರಲಿಲ್ಲ. ಕಣ್ಣಿಗೆ ಕಾಣುತ್ತಿವೆ, ಹಸಿರು, ಹಳದಿ, ಏರುತ್ತವೆ, ಇಳಿಯುತ್ತವೆ, ಅರ್ಥವೇ ಆಗುತ್ತಿಲ್ಲ. ನರ್ಸ್ "ಮೇಡಂ?" ಅಂದಳು. ರೋಗಿಯನ್ನು ಇನ್ನೊಬ್ಬ ಡಾಕ್ಟರಿಗೆ ಒಪ್ಪಿಸಿ ಹೊರಗೆ ಬಂದೆ. ಆ ವಾರವೇ ರಾಜೀನಾಮೆ ಕೊಟ್ಟೆ. "ರಜೆ ತಕ್ಕೊಳ್ಳಿ, ಬಿಡ್ಬೇಡಿ" ಅಂತ ಎಲ್ಲರೂ ಹೇಳಿದರು. ನಿಮ್ಮ ಜಾಗ ಸದ್ಯಕ್ಕೆ ಹಾಗೆಯೇ ಇಡುತ್ತೇವೆ ಅಂತ ಆಡಳಿತದವರೂ ಹೇಳಿದರು.

ಕಡಬದ ರಾಮಚಂದ್ರ ಡಾಕ್ಟ್ರು ನನ್ನ ಅಪ್ಪನ ಸ್ನೇಹಿತರು. ಎಪ್ಪತ್ತು ದಾಟಿದರೂ ಕ್ಲಿನಿಕ್ ನಡೆಸುತ್ತಿದ್ದವರು. ಮಾತಾಡಿಸಿ ಹೋಗಲು ಮಂಗಳೂರಿಗೆ ಬಂದಿದ್ದರು. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದರು.

"ಉಷಾ, ನಮ್ಮ ಬದಿಯಲ್ಲಿ ದೊಡ್ಡಾಸ್ಪತ್ರೆಯಿಂದ 'ಇನ್ನು ಮನೆಗೆ ಕರ್ಕೊಂಡು ಹೋಗಿ' ಅಂತ ಕಳಿಸಿದವರು ಇದ್ದಾರೆ. ಆಮೇಲೆ ಅವರ ಮನೆಗೆ ಯಾವ ಡಾಕ್ಟ್ರೂ ಹೋಗುದಿಲ್ಲ. ನನಗೆ ಗುಡ್ಡ ಹತ್ತಲಿಕ್ಕೆ ಆಗುದಿಲ್ಲ ಮಾರಾಯ್ತಿ. ನೀನು ಬರ್ತೀಯಾ?"

ಹೋದೆ. ದೊಡ್ಡ ಆದರ್ಶವೇನೂ ಇರಲಿಲ್ಲ. ಅಲ್ಲಿ ಮಾನಿಟರ್ ಇರುವುದಿಲ್ಲ, ಅಷ್ಟೇ ನನಗೆ ಬೇಕಾದದ್ದು. ಕಡಬ ಪೇಟೆಯಲ್ಲಿ ಔಷಧಿ ಅಂಗಡಿಯ ಮೇಲಿನ ಎರಡು ಕೋಣೆ ಬಾಡಿಗೆಗೆ ಹಿಡಿದೆ. ಮಾರ್ಫಿನ್ ಇಟ್ಟುಕೊಳ್ಳಲು ಬೇಕಾದ ಅನುಮತಿಯನ್ನು ರಾಮಚಂದ್ರ ಡಾಕ್ಟ್ರು ಮೊದಲೇ ಮಾಡಿಸಿಟ್ಟಿದ್ದರು. ಹಳೆಯ ಚೀಲವನ್ನು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡೆ. ಅದರಲ್ಲಿ ಗಂಟಲಿಗೆ ಕೊಳವೆ ಹಾಕುವ ಸಾಮಾನುಗಳೂ ಇದ್ದವು. ತೆಗೆದಿಡಲು ಮನಸ್ಸು ಬರಲಿಲ್ಲ.

ಮೊದಲ ತಿಂಗಳು ನಾನು ಆ ಕೆಲಸಕ್ಕೆ ನಾಲಾಯಕ್ಕಾಗಿದ್ದೆ. ಮನೆಯವರು "ಆಸರಿಗೆ ಎಂತ ಬೇಕು?" ಅಂತ ಕೇಳಿದರೆ ಬೇಡ ಅನ್ನುತ್ತಿದ್ದೆ. ಕುಡಿಯಲು ಏನೂ ಮುಟ್ಟದೆ ಎದ್ದು ಹೋಗುವ ಡಾಕ್ಟರನ್ನು ಆ ಮನೆಗಳು ನಂಬುವುದಿಲ್ಲ ಅಂತ ಗೊತ್ತಿರಲಿಲ್ಲ. ನಾಡಿ ನೋಡುವುದು, ಮಾತ್ರೆ ಬರೆಯುವುದು, ಮೆಟ್ಟಿಲಿಳಿಯುವುದು. ವಾಸಿಯಾಗದವರ ಹತ್ತಿರ ಏನು ಮಾತಾಡಬೇಕು ಅಂತ ನನಗೆ ಯಾರೂ ಕಲಿಸಿರಲಿಲ್ಲ. ಕುಂಬ್ರದ ಬದಿಯಿಂದ ಮಗಳ ಮನೆಗೆ ಬಂದು ಮಲಗಿದ್ದ ಒಬ್ಬರು ಅಜ್ಜಿ ನಾನು ಹೊರಡುವುದನ್ನು ನೋಡಿ "ಇವರಿಗೆ ನಾನು ಕಾಣುದಿಲ್ಲವಾ?" ಅಂತ ಮಗಳ ಹತ್ತಿರ ಕೇಳಿದ್ದು ಹಿಂದಿನಿಂದ ಕೇಳಿಸಿತು. ಆ ರಾತ್ರಿಯೇ ಸಾಮಾನು ಕಟ್ಟುವ ಯೋಚನೆ ಮಾಡಿದ್ದೆ.

ಹಾಗಿರುವಾಗಲೇ ವಸಂತಿ ಟೀಚರ್ ಸಿಕ್ಕಿದ್ದು.

ಆಲಂಕಾರಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ನಲವತ್ತನಾಲ್ಕು ವಯಸ್ಸು. ಅಂಡಾಶಯದ ಕ್ಯಾನ್ಸರ್, ಹೊಟ್ಟೆಯೆಲ್ಲ ಹರಡಿ ಯಾವ ಔಷಧಿಗೂ ಬಗ್ಗದೆ ಹೋಗಿತ್ತು. ಮುಖ್ಯರಸ್ತೆಯಿಂದ ಮಣ್ಣುದಾರಿಯಲ್ಲಿ ಎರಡು ಕವಲು ದಾಟಿ ಇಳಿದರೆ ಮನೆ, ಹಿಂದೆ ರಬ್ಬರ್ ಗುಡ್ಡ. ನಾನು ಮೊದಲ ಸಲ ಹೋದಾಗ ಜಗಲಿಯಲ್ಲಿ ಮಂಚ ಹಾಕಿಸಿಕೊಂಡು ಒರಗಿದ್ದರು. ಮೈ ಇಳಿದು ಹೊಟ್ಟೆ ಮಾತ್ರ ನೀರು ತುಂಬಿ ಉಬ್ಬಿತ್ತು. ಸ್ವರ ಮಾತ್ರ ಮೈದಾನದ ಆಚೆ ತುದಿಗೆ ಕೇಳುವಂಥದ್ದು.

"ಬನ್ನಿ ಡಾಕ್ಟ್ರೆ. ದಾರಿ ತಪ್ಪಿದ್ರಾ? ತಪ್ಪಬೇಕು. ನಮ್ಮ ಮನೆಗೆ ಮೊದಲ ಸಲ ಸರಿಯಾಗಿ ಬಂದವರು ಯಾರೂ ಇಲ್ಲ."

ತಪ್ಪಿದ್ದೆ. ಹೌದೆಂದೆ. ಅವರು ನಕ್ಕರು. ಹೊಟ್ಟೆ ಹಿಡಿದುಕೊಂಡು ನೋವಿನಲ್ಲೇ ನಕ್ಕರು. ಪುನರ್ಪುಳಿ ಶರಬತ್ತು ಬಂತು. ಅವರ ಎದುರಿಗೆ ಬೇಡ ಅನ್ನಲು ಧೈರ್ಯ ಬರಲಿಲ್ಲ, ಕುಡಿದೆ.

ಹೊಟ್ಟೆಯ ನೀರನ್ನು ಮನೆಯಲ್ಲೇ ಸೂಜಿ ಹಾಕಿ ತೆಗೆಯಲು ಶುರುಮಾಡಿದೆ. ಅದು ನಿಧಾನಕ್ಕೆ ಇಳಿಯಬೇಕು, ಒಂದೆರಡು ಗಂಟೆ ಎದ್ದು ಹೋಗುವ ಹಾಗಿಲ್ಲ. ಹಾಗಾಗಿ ಮಾತಾಡಲೇಬೇಕಾಯಿತು. ಮಾತೆಲ್ಲ ಅವರೇ ಆಡುತ್ತಿದ್ದರು. ಖೋ ಖೋದಲ್ಲಿ ತಾಲೂಕು ಮಟ್ಟದಲ್ಲಿ ಗೆದ್ದದ್ದು, ಅಂಪೈರ್ ಹತ್ತಿರ ಜಗಳ ಮಾಡಿದ್ದು, ಓಡಲಿಕ್ಕೆ ಆಗುವುದಿಲ್ಲ ಅಂತ ಹೊಟ್ಟೆನೋವಿನ ನೆಪ ಹೇಳುವ ಹುಡುಗಿಯರನ್ನು ಹಿಡಿಯುವ ಉಪಾಯ. "ಈಗ ನನಗೇ ಹೊಟ್ಟೆನೋವು. ಅವರಿಗೆಲ್ಲ ಖುಷಿಯಾಗಿರ್ಬೇಕು." ಪ್ರಕಾಶ್ ಹೋದ ಮೇಲೆ ಯಾರದ್ದಾದರೂ ಮಾತನ್ನು ಅಷ್ಟು ಹೊತ್ತು ಕೂತು ಕೇಳಿದ್ದು ಅದೇ ಮೊದಲು.

ಒಂದು ದಿನ ಅವರೇ ಕೇಳಿದರು. "ನಿಮ್ಮ ಯಜಮಾನರು ಎಲ್ಲಿದ್ದಾರೆ?"

ಹೇಳಿದೆ. ಅಲ್ಲಿಯವರೆಗೆ ಯಾರಿಗೂ ಪೂರ್ತಿ ಹೇಳಿರಲಿಲ್ಲ. ಕೊಳವೆಯ ವಿಷಯ, ನನ್ನ ಕಣ್ಣು ಮಾನಿಟರಿನ ಮೇಲೆಯೇ ಇದ್ದ ವಿಷಯ, ಅವರು ಏನೂ ಹೇಳದೆ ಹೋದ ವಿಷಯ. ಟೀಚರ್ ಪೂರ್ತಿ ಕೇಳಿದರು. ಸಮಾಧಾನ ಹೇಳಲಿಲ್ಲ. ಆಮೇಲೆ ಅಂದರು.

"ನನಗೆ ಅದು ಬೇಡ ಡಾಕ್ಟ್ರೆ. ನನ್ನ ಬಾಯಿಗೆ ಎಂತದ್ದೂ ಹಾಕಿಸ್ಬೇಡಿ. ಕೊನೆಯವರೆಗೆ ಮಾತಾಡ್ಬೇಕು ನನಗೆ. ಇವರು ಕೇಳುದಿಲ್ಲ, ಆಸ್ಪತ್ರೆಗೆ ಕರ್ಕೊಂಡು ಹೋಗುವ ಅಂತಾರೆ. ನೀವು ಗಟ್ಟಿ ನಿಲ್ಬೇಕು."

"ಇವರು" ಅಂದರೆ ಸೀತಾರಾಮಣ್ಣ, ಅವರ ಗಂಡ. ಮರ ಕೊರೆದು ಹಾಲಿಳಿಸುವ ರಬ್ಬರ್ ಟ್ಯಾಪಿಂಗ್, ಶೀಟು ಹಾಕುವುದು, ಗೂಡಿನಲ್ಲಿ ಹೊಗೆ ಹಾಕುವುದು ಎಲ್ಲ ಸ್ವತಃ ಮಾಡುತ್ತಿದ್ದ ಮನುಷ್ಯ. ಮೈಯಲ್ಲೂ ಬಟ್ಟೆಯಲ್ಲೂ ಆ ವಾಸನೆ. ಹೆಂಡತಿಯ ಹತ್ತಿರ ಹೆಚ್ಚು ಮಾತಿಲ್ಲ, ಆದರೆ ಗಂಜಿ ಆರಿಸಿ ತರುವುದು, ಬೊಂಡ ಕೆತ್ತಿ ಎಳನೀರು ಕುಡಿಸುವುದು, ದಿಂಬು ಸರಿಮಾಡುವುದು, ಕಾಲಿಗೆ ಎಣ್ಣೆ ಹಚ್ಚುವುದು ಅವರೇ. ಪ್ರತಿ ಸಲ ನಾನು ಹೊರಟಾಗ ಕಾರಿನವರೆಗೆ ಬರುತ್ತಿದ್ದರು.

"ಡಾಕ್ಟ್ರೆ, ನೀವು ದೊಡ್ಡಾಸ್ಪತ್ರೆಯ ಐಸಿಯುನಲ್ಲಿ ಇದ್ದವರಂತೆ. ಮೆಷಿನ್ ಹಾಕಿದ್ರೆ ಇನ್ನೂ ಸ್ವಲ್ಪ ಕಾಲ ಇರ್ತಾಳಲ್ವಾ?"

"ಇರ್ಬಹುದು ಸೀತಾರಾಮಣ್ಣ. ಆದ್ರೆ ಮಲಗಿಕೊಂಡು, ಪ್ರಜ್ಞೆ ಇಲ್ಲದೆ. ಅವರಿಗೆ ಅದು ಬೇಡ ಅಂತೆ."

"ಇದ್ರೆ ಸಾಕಲ್ವಾ? ಇರ್ಲಿ ಅಂತ ನನಗೆ" ಅನ್ನುತ್ತಿದ್ದರು. ಪ್ರಕಾಶ್‌ಗೆ ಮೆಷಿನ್ ಜೋಡಿಸಿದ ದಿನ ನನ್ನ ಮನಸ್ಸಿನಲ್ಲಿ ಇದ್ದದ್ದೂ ಅದೇ ಮಾತು.

ಅವರಿಗೆ ಒಬ್ಬಳೇ ಮಗಳು, ಸಿಂಚನ. ಕಡಬದಲ್ಲಿ ದ್ವಿತೀಯ ಪಿಯುಸಿ, ವಿಜ್ಞಾನ. ಮಾರ್ಚಿನಲ್ಲಿ ಪರೀಕ್ಷೆ. ಅಮ್ಮನಿಗೆ ಹೊಟ್ಟೆಯಲ್ಲಿ ನೀರು ತುಂಬುವ ಕಾಯಿಲೆ, ಚಿಕಿತ್ಸೆ ನಡೀತಾ ಉಂಟು, ಬೇಸಿಗೆಗೆ ಹುಷಾರಾಗುತ್ತದೆ ಅಂತ ಅವಳಿಗೆ ಹೇಳಿಟ್ಟಿದ್ದರು. ನನಗೆ ಅದು ಸರಿ ಕಾಣಲಿಲ್ಲ. ಒಮ್ಮೆ ಟೀಚರ ಹತ್ತಿರ ಹೇಳಿಯೂ ನೋಡಿದೆ.

"ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮುಂಚೆ ಅಪ್ಪ ಹೋದ್ರು" ಅಂದರು ಅವರು. "ಹಾಲ್‌ನಲ್ಲಿ ಕೂತು ಪೇಪರ್ ನೋಡಿದ್ರೆ ಅಪ್ಪನ ಕಾಲೇ ಕಾಣ್ತಿತ್ತು. ಫೇಲು. ಒಂದು ವರ್ಷ ಮನೆಯಲ್ಲಿ ಕೂತೆ, ಬೀಡಿ ಕಟ್ಟಿದೆ. ಇವಳ ಪರೀಕ್ಷೆ ಮುಗೀಲಿ. ಮುಗಿದ ದಿನ ನಾನೇ ಹೇಳ್ತೇನೆ. ಅಲ್ಲಿವರೆಗೆ ನೀವು ಬಾಯಿ ಬಿಡ್ಬಾರ್ದು. ಮಾತು ಕೊಡಿ."

ಕೊಟ್ಟೆ. ಪರೀಕ್ಷೆ ಮುಗಿಯುವವರೆಗೆ ಅವರನ್ನು ಉಳಿಸಿಕೊಳ್ಳುವುದು ನನ್ನ ಗುರಿಯೂ ಆಯಿತು. ಐಸಿಯುನ ಹಳೆಯ ಹಟ ಮೈಗೆ ಬಂತು. ಏನು ತಿಂದರೆ ವಾಂತಿಯಾಗುವುದಿಲ್ಲ, ಎಷ್ಟು ಮಾರ್ಫಿನ್ ಕೊಟ್ಟರೆ ನೋವೂ ಇರುವುದಿಲ್ಲ, ಮಂಪರೂ ಬರುವುದಿಲ್ಲ, ಅದೇ ಯೋಚನೆ. ಸಂಕ್ರಾಂತಿ ಕಳೆಯಿತು. ರಬ್ಬರ್ ಮರಗಳ ಎಲೆ ಕೆಂಪಾಗಿ ಉದುರಿ ಗುಡ್ಡವೆಲ್ಲ ಬೋಳಾಯಿತು. ಟ್ಯಾಪಿಂಗ್ ನಿಂತಿತು. ಸೀತಾರಾಮಣ್ಣನಿಗೆ ಹೊರಗಿನ ಕೆಲಸ ಇಲ್ಲದಾದರೂ ಅವರು ಮನೆಯೊಳಗೆ ಇರಲಾರದೆ ಒಣಗಿದ ಶೀಟುಗಳನ್ನೇ ಮತ್ತೆ ಮತ್ತೆ ಮಗುಚಿ ಹಾಕುತ್ತಿದ್ದರು. ಮಾರ್ಚ್ ಹೊತ್ತಿಗೆ ಮರಗಳಲ್ಲಿ ಹೊಸ ಚಿಗುರು ಬಂದಿತ್ತು, ಟೀಚರಿಗೆ ಜಗಲಿಯವರೆಗೆ ನಡೆಯಲಿಕ್ಕೂ ಆಗುತ್ತಿರಲಿಲ್ಲ.

ಪರೀಕ್ಷೆ ಶುರುವಾಯಿತು. ಮೊದಲ ಪೇಪರ್ ಮುಗಿದ ದಿನ ನಾನು ಕಡಬದ ಬಸ್‌ಸ್ಟ್ಯಾಂಡಿನ ಹತ್ತಿರ ಹಣ್ಣು ಕೊಳ್ಳುತ್ತಿದ್ದೆ. ಸಿಂಚನ ಸಮವಸ್ತ್ರದಲ್ಲೇ ನನ್ನ ಪಕ್ಕ ಬಂದು ನಿಂತಳು. ಹೇಗಾಯ್ತು ಪರೀಕ್ಷೆ ಅಂದೆ. ಒಳ್ಳೇದಾಯ್ತು ಅಂದಳು. ಆಮೇಲೆ ತುಂಬ ಸಾಮಾನ್ಯ ಸ್ವರದಲ್ಲಿ ಕೇಳಿದಳು.

"ಆಂಟಿ, ಕೊನೆಯ ಪರೀಕ್ಷೆ ಮುಗಿಯುವವರೆಗೆ ಅಮ್ಮ ಇರ್ತಾರಾ?"

ನನ್ನ ಕೈಯಲ್ಲಿದ್ದ ಮೂಸಂಬಿ ಹಾಗೆಯೇ ಉಳಿಯಿತು. "ನಿನ್ನ ಅಮ್ಮನಿಗೆ ಮಾತು ಕೊಟ್ಟಿದ್ದೇನೆ ಸಿಂಚನ" ಅಂದೆ. ಅದಕ್ಕಿಂತ ಬೇರೆ ಏನು ಹೇಳಬಹುದಿತ್ತೋ ಇವತ್ತಿಗೂ ಗೊತ್ತಿಲ್ಲ.

"ಗೊತ್ತಾಯ್ತು" ಅಂದಳು. ಆಲಂಕಾರಿನ ಬಸ್ಸು ಬಂತು. ಹತ್ತುವ ಮೊದಲು ತಿರುಗಿ, "ನನಗೆ ಗೊತ್ತುಂಟು ಅಂತ ಅಮ್ಮನಿಗೆ ಹೇಳ್ಬೇಡಿ ಆಯ್ತಾ? ಅವರಿಗೆ ಬೇಜಾರಾಗ್ತದೆ" ಅಂದಳು.

ಹೀಗೆ ಎರಡು ಮಾತುಗಳನ್ನು ಹೊತ್ತುಕೊಂಡು ಆ ಮನೆಗೆ ಹೋಗಿ ಬರುತ್ತಿದ್ದೆ. ತಾಯಿ ಮಗಳೆದುರು ನಗುತ್ತಿದ್ದರು, ಮಗಳು ತಾಯಿಯೆದುರು ನಗುತ್ತಿದ್ದಳು. "ಬೇಸಿಗೆ ರಜೆಯಲ್ಲಿ ನಿನಗೆ ಸ್ಕೂಟಿ ಕಲಿಸ್ತೇನೆ" ಅಂತ ಇವರು, "ನೀನು ಹಿಂದೆ ಕೂತು ಬೊಬ್ಬೆ ಹಾಕ್ಬಾರ್ದು ಮತ್ತೆ" ಅಂತ ಅವಳು. ನಾನು ಬಟ್ಟಲಿಗೆ ಇಳಿಯುತ್ತಿದ್ದ ನೀರನ್ನು ನೋಡುತ್ತಾ ಕೂರುತ್ತಿದ್ದೆ. ಐಸಿಯುನಲ್ಲಿ ಎಷ್ಟೋ ಮನೆಯವರಿಗೆ ಸಾವಿನ ಸುದ್ದಿ ಹೇಳಿದ್ದೇನೆ. ಆ ಸ್ಕೂಟಿಯ ಮಾತು ಕೇಳುವುದು ಅದೆಲ್ಲಕ್ಕಿಂತ ಕಷ್ಟವಾಗಿತ್ತು.

ಕೊನೆಯದಾದ ಜೀವಶಾಸ್ತ್ರದ ಪರೀಕ್ಷೆಯ ದಿನ ಬೆಳಿಗ್ಗೆ ಸೀತಾರಾಮಣ್ಣ ಫೋನು ಮಾಡಿದರು. ಹೋದೆ. ಟೀಚರಿಗೆ ಉಸಿರು ಮೇಲುಮೇಲೆ ಬರುತ್ತಿತ್ತು, ಎದೆಯಲ್ಲೂ ನೀರು ತುಂಬಿತ್ತು. ಹೆಚ್ಚೆಂದರೆ ಒಂದೆರಡು ದಿನ. ಸಿಂಚನ ಜಡೆ ಹಾಕಿ, ಹಾಲ್ ಟಿಕೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಹೊರಡು. ಬಸ್ಸು ತಪ್ತದೆ" ಅಂದರು ಟೀಚರ್.

ಅವಳು ಒಳಗೆ ಬಂದು ಹಾಲ್ ಟಿಕೆಟನ್ನು ಮೇಜಿನ ಮೇಲಿಟ್ಟು ಮಂಚದ ಬದಿಯಲ್ಲಿ ಕೂತಳು. "ನಾನು ಹೋಗುದಿಲ್ಲ."

"ಎಂತ ಹೋಗುದಿಲ್ಲ? ತಲೆ ಸರಿ ಉಂಟಾ ನಿನಗೆ?"

"ಹೋಗುದಿಲ್ಲ ಅಮ್ಮ."

ಟೀಚರ್ ನನ್ನ ಕಡೆ ನೋಡಿದರು. ಆ ನೋಟವನ್ನು ಈಗಲೂ ಮರೆತಿಲ್ಲ. "ಹೇಳಿದ್ರಾ?" ಅಂದರು.

"ಯಾರೂ ಹೇಳ್ಲಿಲ್ಲ" ಅಂದಳು ಸಿಂಚನ. "ನೀನೇ ಹೇಳಿದ್ದು. ಕ್ರಿಸ್‌ಮಸ್ ರಜೆಯಿಂದ ಒಂದು ಸಲವಾದ್ರೂ ನನಗೆ ಬೈದಿದ್ದೀಯಾ? ಎಷ್ಟು ಹೊತ್ತಿಗೆ ಎದ್ರೂ ಬೈಲಿಲ್ಲ. ಬಟ್ಟಲು ತೊಳೀದೆ ಇಟ್ರೂ ಬೈಲಿಲ್ಲ. ನನಗೆ ಅಷ್ಟೂ ಗೊತ್ತಾಗುದಿಲ್ಲ ಅಂತ ಮಾಡಿದ್ಯಾ?"

ಟೀಚರ್ ಆಗ ಬೈದರು. ಇದ್ದ ಉಸಿರೆಲ್ಲ ಕೂಡಿಸಿ, ಕತ್ತೆ, ಹಟಮಾರಿ, ಒಂದು ವರ್ಷ ಹಾಳು ಮಾಡ್ತೀಯಲ್ಲಾ, ನಾನು ಇಷ್ಟು ದಿನ ಜೀವ ಹಿಡಿದದ್ದು ಯಾಕೆ ಅಂತ ಬೈದರು. ಸಿಂಚನ ತಲೆ ತಗ್ಗಿಸಿ ಕೇಳಿದಳು. "ಎರಡನೇ ಸಲ ಪರೀಕ್ಷೆ ಇಡ್ತಾರಮ್ಮ ಈಗ. ಜೀವಶಾಸ್ತ್ರ ಆಗ ಬರೀತೇನೆ. ನೀನು ಎರಡನೇ ಸಲ ಇರ್ತೀಯಾ?" ಅಂದಳು. ಬೈಗುಳ ಅಲ್ಲಿಗೆ ನಿಂತಿತು. ಟೀಚರ್ ಅವಳ ಜಡೆ ಹಿಡಿದು ಹತ್ತಿರ ಎಳೆದುಕೊಂಡರು. ಇಬ್ಬರೂ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ಜಗಲಿಗೆ ಬಂದೆ. ಸೀತಾರಾಮಣ್ಣ ಅಂಗಳದ ತುದಿಯಲ್ಲಿ ನನಗೆ ಬೆನ್ನು ಹಾಕಿ ನಿಂತಿದ್ದರು.

ಆ ಇಡೀ ದಿನ ತಾಯಿ ಮಗಳು ಒಂದೇ ಮಂಚದಲ್ಲಿದ್ದರು. ಸಂಜೆ ನಾನು ಮತ್ತೆ ಹೋದಾಗ ಸಿಂಚನ ಸಮವಸ್ತ್ರದಲ್ಲೇ ಅಮ್ಮನ ತೋಳಿನ ಮೇಲೆ ನಿದ್ದೆ ಹೋಗಿದ್ದಳು. ಟೀಚರ್ ಎಚ್ಚರ ಇದ್ದರು. "ಎಲ್ಲ ಹೇಳಿ ಆಯ್ತು ಡಾಕ್ಟ್ರೆ" ಅಂತ ಪಿಸುಗುಟ್ಟಿದರು. "ಚಿನ್ನ ಎಲ್ಲಿಟ್ಟಿದ್ದೇನೆ ಅಂತಾನೂ ಹೇಳಿದೆ, ಎಂಥವನನ್ನು ಮದುವೆ ಆಗ್ಬಾರ್ದು ಅಂತಾನೂ ಹೇಳಿದೆ. ನನ್ನದು ಮೂರ್ಖತನ, ಮೊದಲೇ ಹೇಳ್ಬೇಕಿತ್ತು. ಎಷ್ಟು ದಿನ ನಷ್ಟ ಮಾಡಿದೆ."

ಮರುದಿನ ಮಧ್ಯಾಹ್ನ, ಸುಡುವ ಬಿಸಿಲು. ನಾನು ಬೆಳಿಗ್ಗೆಯಿಂದ ಅಲ್ಲೇ ಇದ್ದೆ. ಊಟದ ಹೊತ್ತಿಗೆ ಉಸಿರಾಟ ಕೆಟ್ಟಿತು. ನೀರಿನಲ್ಲಿ ಮುಳುಗುವವರ ಹಾಗೆ ಟೀಚರ್ ಬಾಯಿ ತೆರೆದು ಎಳೆಯುತ್ತಿದ್ದರು. ಸೀತಾರಾಮಣ್ಣ ಒಮ್ಮೆ ನೋಡಿದರು, ಜೇಬಿನಿಂದ ಫೋನು ತೆಗೆದರು. ಆಂಬುಲೆನ್ಸಿಗೆ ಹೇಳಿದರು.

"ಸೀತಾರಾಮಣ್ಣ, ಅವರು ಬೇಡ ಅಂದಿದ್ದಾರೆ. ನಿಮ್ಮೆದುರೇ ಹೇಳಿದ್ದಾರೆ."

"ಅವಳು ಹೇಳ್ತಾಳೆ! ಹಾಗಂತ ನೋಡ್ತಾ ಕೂತ್ಕೊಳ್ಳುದಾ? ನಿಮಗೆ ಉಳಿಸ್ಲಿಕ್ಕೆ ಗೊತ್ತುಂಟು. ಗೊತ್ತಿದ್ದೂ ಸುಮ್ಮನೆ ಕೂತಿದ್ದೀರಿ. ಎಂಥ ಡಾಕ್ಟ್ರು ನೀವು?" ಅವರ ಸ್ವರ ಒಡೆಯಿತು. "ಆಂಬುಲೆನ್ಸಿನವರು ಕವಲಿನಲ್ಲಿ ದಾರಿ ತಪ್ತಾರೆ. ನಾನು ರಸ್ತೆಗೆ ಹೋಗ್ತೇನೆ." ಅಂಗಳ ದಾಟಿ ಓಡಿದರು.

ನನ್ನ ಕಾಲು ತಾನಾಗಿ ಜಗಲಿಗೆ ಬಂತು. ಕಾರು ಅಂಗಳದಲ್ಲೇ ಇತ್ತು, ಡಿಕ್ಕಿಯಲ್ಲಿ ಚೀಲ. ಕೊಳವೆ ಇಳಿಸಲು ನನಗೆ ಅರೆ ನಿಮಿಷ ಸಾಕು. ಆಂಬುಲೆನ್ಸ್ ಬರುವವರೆಗೆ ಕೈಯಿಂದ ಗಾಳಿ ಒತ್ತಬಹುದು, ಪುತ್ತೂರು ದಾಟಿಸಬಹುದು, ಮಂಗಳೂರು ಮುಟ್ಟಿಸಬಹುದು. ಇಪ್ಪತ್ತು ವರ್ಷ ಮಾಡಿದ ಕೈ ಅದು, ಬೆರಳುಗಳು ಆಗಲೇ ಆ ಆಕಾರಕ್ಕೆ ಬಂದಿದ್ದವು. ಒಳಗಿನಿಂದ ಸಿಂಚನ "ಆಂಟಿ" ಅಂತ ಕರೆದಳು. ಮೆಟ್ಟಿಲಲ್ಲಿ ನಿಂತವಳು ತಿರುಗಿ ಒಳಗೆ ಹೋದೆ.

ಮಾರ್ಫಿನ್ ಇಂಜೆಕ್ಷನ್ ಕೊಟ್ಟೆ. ದಿಂಬು ಎತ್ತರಿಸಿ ಬೆನ್ನಿಗೆ ನನ್ನ ತೋಳು ಕೊಟ್ಟು ಪಕ್ಕದಲ್ಲಿ ಕೂತೆ. ನಿಧಾನಕ್ಕೆ ಎಳೆತ ಕಡಿಮೆಯಾಯಿತು. ಬಾಯಿ ಒಣಗಿದೆ ಅಂತ ಸಿಂಚನಳನ್ನು ನೀರು ತರಲು ಕಳಿಸಿದೆ. ಆಗ ಟೀಚರ್ ಒಮ್ಮೆ ಪೂರ್ತಿ ಎಚ್ಚರವಾಗಿ ನನ್ನ ಹತ್ತಿರ ಎರಡು ಮಾತು ಆಡಿದರು. ಸಿಂಚನ ಬಂದು ಒದ್ದೆ ಬಟ್ಟೆಯಿಂದ ತುಟಿ ಒರೆಸಿದಳು. ಅವರ ಬೆರಳು ಅವಳ ಜಡೆಯ ತುದಿಯನ್ನು ಹುಡುಕಿ ಹಿಡಿಯಿತು. ನಾನು ಗಡಿಯಾರ ನೋಡಲಿಲ್ಲ, ನಾಡಿ ನೋಡಲಿಲ್ಲ. ಅವರ ಮುಖವನ್ನೇ ನೋಡುತ್ತಾ ಕೂತಿದ್ದೆ. ಒಂದು ಉಸಿರಿನ ಮೇಲೆ ಇನ್ನೊಂದು ಬರಲಿಲ್ಲ.

ಆಂಬುಲೆನ್ಸಿನ ಸದ್ದು ಕೇಳಿದ್ದು ಆಮೇಲೆ. ಸೀತಾರಾಮಣ್ಣ ಅದರ ಮುಂದೆ ಓಡುತ್ತಾ ಬಂದರು. ಬೆವರು ಸುರಿಯುತ್ತಿತ್ತು, ಮುಖ ಬಿಸಿಲಿಗೆ ಕಪ್ಪಿಟ್ಟಿತ್ತು. ಸ್ಟ್ರೆಚರ್ ಹಿಡಿದವರು ಹಿಂದೆ. ಬಾಗಿಲಲ್ಲಿ ನಿಂತು ನಮ್ಮನ್ನು ನೋಡಿದರು. ಸಿಂಚನ "ಅಪ್ಪಾ" ಅಂದಳು. ಅವರು ಒಳಗೆ ಬರಲಿಲ್ಲ. ತುಂಬಾ ಹೊತ್ತು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದರು.

ಬೊಜ್ಜದ, ಅಂದರೆ ಉತ್ತರಕ್ರಿಯೆಯ ಊಟಕ್ಕೆ ಹೋಗಿದ್ದೆ. ಶಾಲೆಯ ಹುಡುಗಿಯರೆಲ್ಲ ಬಂದಿದ್ದರು. ಸೀತಾರಾಮಣ್ಣ ಎಲ್ಲರ ಎಲೆಯ ಮುಂದೆ ಬಂದು "ನಿಧಾನಕ್ಕೆ ಊಟ ಮಾಡಿ" ಅನ್ನುತ್ತಿದ್ದವರು ನನ್ನ ಎಲೆ ದಾಟಿ ಹೋದರು. ಆಮೇಲೆ ಕಡಬ ಪೇಟೆಯಲ್ಲಿ ಎದುರಾದರೂ ಮುಖ ತಿರುಗಿಸುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹೆಂಡತಿ ಹೋಗುವಾಗ ಅವರು ಬಿಸಿಲಿನಲ್ಲಿ ಕವಲು ರಸ್ತೆ ಕಾಯುತ್ತಿದ್ದರು. ಅದು ಎಂಥ ನೋವು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನೂ ಅಷ್ಟೇ, ಪ್ರಕಾಶ್ ಹೋಗುವಾಗ ಅವರನ್ನು ಉಳಿಸುವ ಗಡಿಬಿಡಿಯಲ್ಲಿದ್ದೆ.

ಏಪ್ರಿಲಿನಲ್ಲಿ ಮಂಗಳೂರಿನಿಂದ ಫೋನು ಬಂತು. ನಿಮ್ಮ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳಬೇಕಾಗಿದೆ, ಬರುವುದಾದರೆ ಈಗಲೇ ಬನ್ನಿ ಅಂದರು. ಸೀತಾರಾಮಣ್ಣನ "ಎಂಥ ಡಾಕ್ಟ್ರು ನೀವು" ಕಿವಿಯಲ್ಲಿ ಇನ್ನೂ ಇತ್ತು. ಬರುತ್ತೇನೆ ಅಂದೆ. ಒಂದು ಬೆಳಿಗ್ಗೆ ಹೋದೆ. ಹಳೆಯ ನರ್ಸುಗಳು ಕೈ ಹಿಡಿದರು, ಕಾಫಿ ತಂದರು. ಐಸಿಯು ಒಳಗೆ ನಿಂತೆ. ಮಾನಿಟರಿನ ಅಂಕೆಗಳು ಈಗ ಸ್ಪಷ್ಟವಾಗಿ ಓದಲು ಬಂದವು. ಬೇಕೆಂದರೆ ಆ ಕ್ಷಣದಿಂದಲೇ ಕೆಲಸ ಶುರುಮಾಡಬಹುದಿತ್ತು. ಮೂಲೆಯ ಹಾಸಿಗೆಯಲ್ಲಿ ಕೊಳವೆ ಹಾಕಿದ್ದ ಒಬ್ಬ ಮನುಷ್ಯ ಇದ್ದರು. ಅವರ ಹೆಂಡತಿ ಗಾಜಿನ ಆಚೆ ನಿಂತಿದ್ದರು. ಆ ಮನುಷ್ಯ ಬದುಕುತ್ತಾರೆ, ಅಂಕೆಗಳಿಂದಲೇ ತಿಳಿಯಿತು. ಈ ಕೆಲಸ ಎಷ್ಟು ದೊಡ್ಡದು ಅಂತ ಮತ್ತೆ ಅನ್ನಿಸಿತು. ಜೊತೆಗೆ, ಇದನ್ನು ಮಾಡುವವರು ಇಲ್ಲಿ ಹತ್ತು ಮಂದಿ ಇದ್ದಾರೆ, ಕಡಬದ ಆ ಮನೆಗಳಿಗೆ ಹೋಗಲು ಯಾರೂ ಇಲ್ಲ ಅಂತಲೂ ಅನ್ನಿಸಿತು. ಕುರ್ಚಿ ಬೇರೆಯವರಿಗೆ ಕೊಡಿ ಅಂದು ಹೊರಟೆ. ಬಿ.ಸಿ. ರೋಡ್ ದಾಟಿದ ಮೇಲೆ ಗಾಡಿ ಓಡಿಸಲಾಗಲಿಲ್ಲ. ಮರದಡಿ ನಿಲ್ಲಿಸಿ ಸ್ಟೇರಿಂಗಿಗೆ ಹಣೆ ಕೊಟ್ಟು ಪ್ರಕಾಶ್ ಹೆಸರು ಹಿಡಿದು ಜೋರಾಗಿ ಅತ್ತೆ. ಅವರು ಹೋಗಿ ಎಂಟು ತಿಂಗಳಾಗಿತ್ತು.

ಸಿಂಚನ ಎರಡನೇ ಸಲದ ಪರೀಕ್ಷೆಯಲ್ಲಿ ಜೀವಶಾಸ್ತ್ರ ಬರೆದು ಪಾಸಾದಳು. ಈಗ ಪುತ್ತೂರಿನಲ್ಲಿ ಡಿಗ್ರಿ ಓದುತ್ತಿದ್ದಾಳೆ. ಆಗಾಗ ಫೋನು ಮಾಡುತ್ತಾಳೆ. ಆ ದಿನ ಪರೀಕ್ಷೆಗೆ ಹೋಗದಿದ್ದದ್ದರ ಬಗ್ಗೆ ಒಮ್ಮೆಯೂ ಮರುಗಿದ್ದಿಲ್ಲ.

ಸೀತಾರಾಮಣ್ಣ ಬಂದದ್ದು ಅದೇ ವರ್ಷ ಮಳೆ ಹಿಡಿಯುವ ಮೊದಲು, ಒಂದು ಸಂಜೆ. ಔಷಧಿ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತರು. ಒಳಗೆ ಬನ್ನಿ ಅಂದರೂ ಬರಲಿಲ್ಲ. ತುಂಬಾ ಇಳಿದುಹೋಗಿದ್ದರು.

"ನೀವು ಮಾಡಿದ್ದು ಸರಿ ಅಂತ ನನಗೆ ಈಗ್ಲೂ ಅನ್ನಿಸುದಿಲ್ಲ" ಅಂದರು. "ಅದನ್ನು ಮಾತಾಡ್ಲಿಕ್ಕೆ ಬಂದದ್ದಲ್ಲ. ಒಂದು ಕೇಳ್ಬೇಕಿತ್ತು."

"ಕೇಳಿ."

"ಅವಳು ಕೊನೆಗೆ ಎಂತಾದ್ರೂ ಹೇಳಿದ್ಲಾ? ಸಿಂಚನ ಹೇಳ್ತಾಳೆ, ನೀರು ತರ್ಲಿಕ್ಕೆ ಹೋದಾಗ ಅಮ್ಮನ ಸ್ವರ ಕೇಳಿತು ಅಂತ."

ನಾನು ಅದನ್ನು ಅವರಿಗೆ ಹೇಳಬೇಕೋ ಬೇಡವೋ ಅಂತ ಎಷ್ಟೋ ಸಲ ಯೋಚಿಸಿದ್ದೆ. ಹೇಳಿದರೆ ಇನ್ನಷ್ಟು ಸುಡುತ್ತದೆ ಅಂತ ಹೆದರಿದ್ದೆ. ಆದರೆ ಕೊನೆಯ ಮಾತು ಸಿಗದವರು ಹೇಗೆ ಬದುಕುತ್ತಾರೆ ಅಂತ ನನಗೆ ಗೊತ್ತಿತ್ತು.

"'ಇವರೆಲ್ಲಿ?' ಅಂತ ಕೇಳಿದ್ರು" ಅಂದೆ. "ರಸ್ತೆಗೆ ಹೋಗಿದ್ದಾರೆ, ಈಗ ಬರ್ತಾರೆ ಅಂದೆ. ಆಗ ಹೇಳಿದ್ರು, 'ಈ ಬಿಸಿಲಿಗೆ ತಲೆಗೆ ಎಂತದ್ದೂ ಹಾಕದೆ ಹೋಗಿರ್ಬೇಕು. ಬಂದ ಕೂಡ್ಲೆ ಒಂದು ಬೊಂಡ ಕೆತ್ತಿ ಕೊಡಿ ಅವರಿಗೆ' ಅಂತ."

ಸೀತಾರಾಮಣ್ಣ ಗೋಡೆಗೆ ಒರಗಿದರು. ನಿಧಾನಕ್ಕೆ ಜಾರಿ ಹೊಸ್ತಿಲಲ್ಲೇ ಕೂತರು. ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಕೆಳಗೆ ಪೇಟೆಯಲ್ಲಿ ಬಸ್ಸುಗಳು ಬಂದು ಹೋಗುತ್ತಿದ್ದವು. ನಾನೂ ಅವರ ಎದುರು ನೆಲದ ಮೇಲೆ ಕೂತೆ.

ತುಂಬಾ ಹೊತ್ತಿನ ಮೇಲೆ ಅವರು ಕೈ ತೆಗೆದರು.

"ಇನ್ನೊಂದು ಸಲ ಹೇಳಿ ಡಾಕ್ಟ್ರೆ" ಅಂದರು. "ಅವಳು ಹೇಳಿದ ಹಾಗೇ."

ಹೇಳಿದೆ.